ಏರಿನಲ್ಲಿ ನಿಂತ ಲಾರಿ

ಸೇನೆಯ ಆ ಲಾರಿ ಎರಡನೆಯ ಸಲವೂ ಅದೇ ಏರಿನಲ್ಲಿ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಡಿಪೋದ ಕಮಾಂಡರ್ ಚಾಲಕನ ಎದೆಯ ಮೇಲಿನ ಬಿಲ್ಲೆಗೆ ಬೆರಳು ತೋರಿಸಿದರು.

"ನಾಳೆ ಕಣಿವೆಗೆ ಹೋಗೋಕೆ ಪುಕ್ಕಲು ನಿಂಗೆ. ಅದಕ್ಕೇ ಈ ನಾಟಕ. ಸಂಜೆಯೊಳಗೆ ಇದನ್ನ ಕಿತ್ಕೋತೀನಿ."

"ಬೆಳಿಗ್ಗೆ ಡೀಸೆಲ್ ಫಿಲ್ಟರಿನಲ್ಲಿ ನಿಂತ ನೀರು ನಾನೇ ಇಳಿಸಿದೀನಿ ಸರ್," ಎಂದ ಚಾಲಕ.

ಗುಂಡಣ್ಣ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಡಿಪೋದಲ್ಲೇ ವಾಸವಿದ್ದ ತನಿಖಾಧಿಕಾರಿಯ ಜೀಪು ಓಡಿಸುವವನು ಅವನು. ಎಲ್ಲರೂ ಮೇಡಂ ಎನ್ನುತ್ತಿದ್ದ ಆಕೆಯ ಬೆನ್ನಿಗೆ ನೆರಳಿನಂತೆ ಇರುತ್ತಿದ್ದ.

ಅಷ್ಟರಲ್ಲಿ ಮೆಕ್ಯಾನಿಕ್ ಓಡಿ ಬಂದ. ಚಾಲಕನ ಹೆಂಡತಿಯ ತಮ್ಮ ಅವನು. ಸೀದಾ ಟ್ಯಾಂಕಿನ ಬಳಿ ಹೋಗಿ, ಮುಚ್ಚಳ ತಿರುವಿ ಟಾರ್ಚ್ ಬಿಟ್ಟ. ಡಬ್ ಎಂದು ಸದ್ದಾಯಿತು. "ಡೀಸೆಲ್ ಭರ್ತಿ ಇದೆ ಭಾವ," ಎಂದು ಮುಚ್ಚಿದ. ಕೈಪಂಪು ಒತ್ತಿ ಕೀ ತಿರುಗಿಸಿದರೆ, ಇಂಜಿನ್ ಏನೂ ಆಗೇ ಇಲ್ಲವೆಂಬಂತೆ ಗುರುಗುಟ್ಟಿತು.

"ನೋಡಿದ್ರಾ? ಲಾರಿಗೆ ಏನೂ ಆಗಿಲ್ಲ!" ಎಂದರು ಕಮಾಂಡರ್.

"ಆಗಿದೆ ಸರ್, ಎಲ್ಲೋ ಏನೋ ಇದೆ. ನಾಳೆ ಈ ಲಾರಿ ಕಳಿಸ್ಬೇಡಿ," ಎಂದ ಮೆಕ್ಯಾನಿಕ್. ಬಗ್ಗಿದಾಗ ಅವನ ಜೇಬಿನಿಂದ ಸಾಬೂನಿನ ಚೂರೊಂದು ಬಿತ್ತು.

"ಏನಪ್ಪಾ, ಸ್ನಾನಕ್ಕೆ ಹೊರಟ್ಯಾ?" ಗುಂಡಣ್ಣ ಕಿಚಾಯಿಸಿದ.

"ಟ್ಯಾಂಕ್ ಸೋರಿದ್ರೆ ಇದನ್ನೇ ತಿಕ್ಕೋದು. ಡೀಸೆಲ್‌ಗೆ ಕರಗಲ್ಲ. ಆದ್ರೂ ನಿಂಗೆ ನೀರಲ್ಲಿ ಉಪಯೋಗಕ್ಕೆ ಬರುತ್ತೆ, ತಗೋ."

ಗುಂಡಣ್ಣ ಹಿಂತಿರುಗಿ, ಬಿಡದೆ ಎಲ್ಲವನ್ನೂ ಮೇಡಂ ಮುಂದೆ ಒಪ್ಪಿಸಿದ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಲಾರಿ ದಾರೀಲಿ ನಿಂತ್ರೆ ಏನು ಮಾಡ್ಬೇಕು ಅಂತ ಆ ಮೆಕ್ಯಾನಿಕ್ ಹುಡುಗ ಚಾಲಕರಿಗೆ ಪಾಠ ಹೇಳ್ತಾನೆ?"

"ಮೊದಲು ಫಿಲ್ಟರಿನ ತಳ ಬಿಚ್ಚು, ನೀರು ನೋಡು. ಆಮೇಲೆ ಪೈಪಿನ ಗಾಳಿ ತೆಗಿ. ನಿದ್ದೆಗಣ್ಣಲ್ಲೂ ಹೇಳ್ತೀನಿ ಮೇಡಂ!"

ಮೇಡಂ ಎದ್ದು ಟೋಪಿ ಹಾಕಿಕೊಂಡರು.

ಮೇಡಂ ಹೇಳಿದಂತೆ ಲಾರಿ ಮೂರನೆಯ ಸಲ ಏರು ಹತ್ತಿತು; ಅಲ್ಲೇ ನಿಂತಿತು. ಮೆಕ್ಯಾನಿಕ್ ಒಂದು ಹೆಜ್ಜೆ ಮುಂದಿಟ್ಟ.

"ಯಾರೂ ಮುಟ್ಟಬೇಡಿ," ಎಂದ ಮೇಡಂ, ಎಲ್ಲರನ್ನೂ ಸುತ್ತ ನಿಲ್ಲಿಸಿದರು. "ಗುಂಡಣ್ಣ, ಟ್ಯಾಂಕಿಗೆ ಕಿವಿ ಕೊಡು."

ಮೇಡಂ ಮೆಲ್ಲಗೆ ಮುಚ್ಚಳ ತಿರುವಿದರು. ಉಸ್ಸ್! ಮುಳುಗಿ ಮೇಲೆದ್ದವನ ಹಾಗೆ ಟ್ಯಾಂಕು ಗಾಳಿಯನ್ನು ಸೆಳೆದುಕೊಂಡಿತು. ಒಳಕ್ಕೆ ಕುಸಿದಿದ್ದ ತಗಡು ಡಬ್ಬೆಂದು ಹೊರಗುಬ್ಬಿತು. ವರ್ಷಗಟ್ಟಲೆ ಪಕ್ಕದಲ್ಲೇ ಇದ್ದ ಕಬ್ಬಿಣಕ್ಕೆ ಎದೆಯಿದೆ ಎಂದು ಈಗಷ್ಟೇ ತಿಳಿದಂತಾಗಿ, ಗುಂಡಣ್ಣ ತಲೆಯ ಮೇಲಿನ ಟೋಪಿ ತೆಗೆದ.

"ಡೀಸೆಲ್ ಇಳಿದಷ್ಟೂ ಗಾಳಿ ಒಳಗೆ ಹೋಗ್ಬೇಕು," ಎಂದರು ಮೇಡಂ. "ಮುಚ್ಚಳದ ಈ ಸೂಜಿಮೊನೆ ತೂತು ಇರೋದೇ ಅದಕ್ಕೆ. ಇದು ಕಟ್ಟಿದ್ರೆ ಪಂಪು ಎಷ್ಟು ಎಳೆದ್ರೂ ಡೀಸೆಲ್ ಬರಲ್ಲ. ಆದ್ರೆ ಹುಡುಕೋಕೆ ಅಂತ ಮುಚ್ಚಳ ತೆಗೆದ ಕ್ಷಣಕ್ಕೇ ಗಾಳಿ ನುಗ್ಗುತ್ತೆ, ರೋಗ ಮಾಯ! ಸಾಕ್ಷಿಯೂ ಮಾಯ!"

ಅವರು ಪಿನ್ನಿನಿಂದ ತೂತನ್ನು ಕೆದಕಿದರು. ಧೂಳು ಮೆತ್ತಿದ ಸಾಬೂನು ಉದುರಿತು.

"ಸಾಬೂನು ಚಾಲಕನ ಹತ್ರವೂ ಇರಬಹುದಲ್ಲ?" ಕಮಾಂಡರ್ ಕೇಳಿದರು.

"ಇರಬಹುದು. ಆದ್ರೆ ಫಿಲ್ಟರಿನ ತಳದಿಂದ ಶುರು ಮಾಡಿ ಅಂತ ಡಿಪೋಗೆಲ್ಲ ಕಲಿಸಿದವನು, ಮುಚ್ಚಳಕ್ಕೇ ಯಾಕೆ ಓಡಿದ? ರೋಗ ಎಲ್ಲಿದೆ ಅಂತ ಗೊತ್ತಿದ್ದವನು ಮಾತ್ರ ಹಾಗೆ ಓಡ್ತಾನೆ."

ಮೆಕ್ಯಾನಿಕ್ ತಲೆ ತಗ್ಗಿಸಿದ. "ಅಕ್ಕ ತುಂಬು ಗರ್ಭಿಣಿ. ಹೋದ ಸಲ ಕಣಿವೆಗೆ ಹೋದ ಲಾರಿ ವಾಪಸ್ ಬರ್ಲಿಲ್ಲ. ಲಾರಿ ಕೆಟ್ಟಿದೆ ಅಂತ ಬಿಡ್ತಾರೆ ಅಂದ್ಕೊಂಡೆ... ನಿಮ್ಮ ತಲೆಗೆ ಬರುತ್ತೆ ಅಂತ ಗೊತ್ತಿರ್ಲಿಲ್ಲ ಭಾವ."

"ಬಂದ ಮೇಲೂ ಬಾಯಿ ಬಿಡಲಿಲ್ವಲ್ಲೋ," ಎಂದ ಚಾಲಕ.

ಕಮಾಂಡರ್ ಚಾಲಕನ ಬಿಲ್ಲೆಯತ್ತ ನೋಡಿ ಮುಖ ತಿರುಗಿಸಿದರು. "ಈ ಮೆಕ್ಯಾನಿಕ್‌ನ ಕಾವಲಲ್ಲಿಡಿ. ಲಾರಿ ನಾಳೆ ಹೊರಡಲಿ. ಓಡಿಸೋದು ಇದೇ ಚಾಲಕ."

ಕಾವಲಿನವರು ಬಂದರು. ಚಾಲಕ ಕೈಯೆತ್ತಿ ಅವರನ್ನು ತಡೆದು, ಮುಚ್ಚಳವನ್ನು ಮೈದುನನ ಮುಂದೆ ಹಿಡಿದ. "ಊದು."

ಹುಡುಗ ತೂತಿಗೆ ತುಟಿಯಿಟ್ಟು ಊದಿದ. ಆಚೆ ಬದಿಗೆ ಅಂಗೈ ಒಡ್ಡಿದ್ದ ಚಾಲಕ ಕಣ್ಣು ಮುಚ್ಚಿದ.

"ಗಾಳಿ ಬರ್ತಿದೆ," ಎಂದ. "ನಿನ್ನ ಬಿಟ್ಟ ಮೇಲೆ ಅಕ್ಕನ್ನ ನೋಡ್ಕೋ. ಹೋಗಿ ಬರ್ತೀನಿ."