ಸ್ಟೀಮಿಗೆ ನೂರಿಪ್ಪತ್ತೈದು

"ನೀರಿಗೋ, ಸ್ಟೀಮಿಗೋ?"

ಓದೀಲ್ ಹೀಗೆ ಕೇಳುತ್ತಿರುವುದು ಇದು ಮೂರನೆಯ ಸಲ. ಉಗ್ರಾಣದ ಕಿಟಕಿಯ ಈಚೆ ನಿಂತಿದ್ದ ರೊಜೇರ್ ನಗು ತಡೆದುಕೊಂಡು ಮೊದಲು ಹೇಳಿದ್ದನ್ನೇ ಹೇಳಿದ.

"ನೀರಿಗೆ, ಮಹಾರಾಯ್ತಿ. ಕ್ಯಾಂಟೀನಿನ ಸಿಂಕಿಗೆ. ಅಲ್ಲಿ ತಟ್ಟೆ ತೊಳೀತಾರೆ, ಕಾಗದ ಬೇಯಿಸಲ್ಲ."

"ಚೀಟೀಲಿ ಗುರುತು ಹಾಕಿದೀಯಾ?"

"ಹಾಕಿದೀನಿ. ಬೇಕಾದ್ರೆ ಪಾದ್ರಿ ಮುಂದೆ ಪ್ರಮಾಣಾನೂ ಮಾಡ್ತೀನಿ."

ಅವಳ ತುಟಿಯ ಒಂದು ಮೂಲೆ ಮಾತ್ರ ನಕ್ಕಿತು. ಆ ಮೂಲೆಗಾಗಿಯೇ ರೊಜೇರ್ ಪ್ರತಿ ಶುಕ್ರವಾರ ಇಲ್ಲಿಗೆ ಬರುತ್ತಿದ್ದ. ಒಂದು ಸಿಂಕಿಗೆ ವರ್ಷಕ್ಕೆ ಐವತ್ತೆರಡು ವಾಲ್ವ್ ಬೇಕಾಗುವುದಿಲ್ಲ ಎಂಬುದು ಆ ಕಾಗದದ ಕಾರ್ಖಾನೆಯ ಬೆಕ್ಕಿಗೂ ಗೊತ್ತಿತ್ತು.

ಓದೀಲಳ ಗಂಡ ಲೂಸಿಯೆನ್ ಹನ್ನೊಂದು ವರ್ಷ ರೊಜೇರ್‌ನ ಜೊತೆಗಾರನಾಗಿದ್ದ. ಇಲ್ಲಿ ಪೈಪಿನ ಕೆಲಸದವರು ಜೋಡಿಯಾಗಿಯೇ ದುಡಿಯುತ್ತಾರೆ. ಹಬೆಯ ಲೈನಿನಲ್ಲಿ ವಾಲ್ವ್ ಒಡೆದು ಅವನು ಸತ್ತು ಆರು ವರ್ಷವಾಗಿತ್ತು. ಆದರೂ ರೊಜೇರ್ ಏಣಿ ಹತ್ತಿದಾಗಲೆಲ್ಲ ಕೆಳಗೆ ಯಾರೋ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಂತೆ ಅನ್ನಿಸುತ್ತಿತ್ತು. ಬಗ್ಗಿ ನೋಡಿದರೆ ಯಾರೂ ಇರುತ್ತಿರಲಿಲ್ಲ. ಈಚೀಚೆಗೆ ಅವನು ಬಗ್ಗಿ ನೋಡುವುದನ್ನೇ ಬಿಟ್ಟಿದ್ದ.

ಓದೀಲ್ ಕಪಾಟಿನಿಂದ ಕಂಚಿನ ವಾಲ್ವ್ ತಂದು ಕಟ್ಟೆಯ ಮೇಲಿಟ್ಟಳು. ಅದರ ಹೊಟ್ಟೆಯ ಮೇಲೆ ಎರಡು ಅಂಕಿಗಳು ಉಬ್ಬಿ ನಿಂತಿದ್ದವು. ಹಬೆಗಾದರೆ ನೂರಿಪ್ಪತ್ತೈದು ಪೌಂಡ್ ಒತ್ತಡ, ತಣ್ಣೀರಿಗಾದರೆ ಇನ್ನೂರು.

"ಎರಡು ಅಂಕಿ ಇದ್ರೆ ಚಿಕ್ಕದನ್ನ ನಂಬು. ದೊಡ್ಡದು ಲೋಹ ತಣ್ಣಗಿದ್ದಾಗ ಕೊಚ್ಚಿಕೊಳ್ಳೋ ಜಂಬ," ಅಂದಳು. "ಲೂಸಿಯೆನ್ ಹೇಳ್ಕೊಟ್ಟಿದ್ದು."

ರೊಜೇರ್ ವಾಲ್ವನ್ನು ಕೈಗೆತ್ತಿಕೊಂಡ. ಅವಳ ಬೆರಳು ತಾಗಿದ ಜಾಗ ಇನ್ನೂ ಬೆಚ್ಚಗಿತ್ತು. ಇವತ್ತು ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನ್ನಿಸಿತು.

"ನಾಳೆ ಚರ್ಚಿನ ಹಾಲಲ್ಲಿ ಬೀನ್ಸ್ ಊಟ. ಪಿಟೀಲೂ ಇದೆ. ಬರ್ತೀಯಾ ನನ್ನ ಜೊತೆ?"

"ಊರವರು ಏನಂತಾರೆ?"

"ಬಾಯಿ ತುಂಬ ಬೀನ್ಸ್ ಇಟ್ಕೊಂಡು ಏನಂತಾರೆ?"

ಈ ಸಲ ಅವಳು ಪೂರ್ತಿ ನಕ್ಕಳು. ಆ ನಗು ಮುಗಿಯುವ ಮುಂಚೆಯೇ ರೊಜೇರ್ ಧೈರ್ಯ ಮಾಡಿದ.

"ಬರೀ ಊಟಕ್ಕೆ ಕರೀತಿಲ್ಲ, ಓದೀಲ್. ಮದುವೆ ಆಗೋಣ."

ಅವಳ ಮುಖ ಬಿಳಿಚಿಕೊಂಡಿತು. ಆಮೇಲೆ ಮೇಜಿನ ಖಾನೆಯಿಂದ ಹಳದಿಗಟ್ಟಿದ ಚೀಟಿಯೊಂದನ್ನು ತೆಗೆದು ಅವನ ಮುಂದಿಟ್ಟಳು. ಅದರಲ್ಲಿ ಕೈಬರಹ ಏನೂ ಇರಲಿಲ್ಲ. ನಲವತ್ತೊಂದು ಎಂಬ ನಂಬರಿನ ಮುದ್ರೆ, 'ನೀರು' ಎಂಬಲ್ಲಿ ಒಂದು ಗುರುತು, ಅಷ್ಟೇ.

"ಅವತ್ತು ಕಿಟಕಿ ಪಕ್ಕದ ಚೀಟಿ ಪೆಟ್ಟಿಗೆಗೆ ಬಿದ್ದಿದ್ದು ಇದು. ನಲವತ್ತೊಂದು ಲೂಸಿಯೆನ್ ನಂಬರು. ನೀರಿಗೆ ಅಂತ ಗುರುತು ಹಾಕಿದಾನೆ, ಇಂಥದೇ ಇನ್ನೂರರ ವಾಲ್ವ್ ಕಟ್ಟೆ ಮೇಲಿಟ್ಟು ಒಳಗೆ ಹೋದೆ. ಅದು ಹೋಗಿದ್ದು ನೂರ ತೊಂಬತ್ತು ಪೌಂಡಿನ ಸ್ಟೀಮ್ ಲೈನಿಗೆ. ನನಗೆ ಈ ಅಂಕಿ ಓದೋಕೆ ಕಲಿಸಿದವನಿಗೆ ಗೊತ್ತಿರ್ಲಿಲ್ಲ ಅಂತ ಹೇಗೆ ನಂಬ್ಲಿ? ಅವತ್ತು ಬೆಳಿಗ್ಗೆ ಜಗಳ ಆಡಿದ್ವಿ. 'ನಿನ್ನ ಮುಖ ನೋಡೋಕೂ ಇಷ್ಟ ಇಲ್ಲ' ಅಂತ ಅವನಿಗೆ ಅಂದಿದ್ದೆ. ಬೇಕಂತಲೇ ಹೋದ, ರೊಜೇರ್. ಈಗಲೂ ಅಡುಗೆಮನೆ ಬಾಗಿಲಲ್ಲಿ ಬಂದು ನಿಲ್ತಾನೆ. ಏನೂ ಮಾತಾಡಲ್ಲ. ನನ್ನ ಜೊತೆ ಬಾಳೋದಕ್ಕಿಂತ ಸಾವೇ ವಾಸಿ ಅಂದ್ಕೊಂಡ ಒಬ್ಬ. ಇನ್ನೊಬ್ಬನಿಗೆ ಯಾವ ಬಾಯಲ್ಲಿ ಹೂಂ ಅನ್ಲಿ?"

ಅವಳು ಹೀಗೆ ಅಂದುಕೊಂಡಿರಬಹುದೆಂದು ರೊಜೇರ್‌ಗೆ ಕನಸಿನಲ್ಲೂ ಹೊಳೆದಿರಲಿಲ್ಲ. ತನ್ನ ಮೌನದಿಂದ ಯಾರಿಗೂ ನಷ್ಟವಿಲ್ಲ, ಸತ್ತವನಿಗೆ ತಪ್ಪಿನ ಭಾರ ಹತ್ತುವುದಿಲ್ಲ ಎಂದು ಆರು ವರ್ಷ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಈಗಲೂ ಸುಮ್ಮನಿದ್ದರೆ ಅವಳು ಒಂದಲ್ಲ ಒಂದು ದಿನ ಒಪ್ಪಬಹುದಿತ್ತು. ಬಾಯಿಬಿಟ್ಟರೆ ಅವಳು ಕೈತಪ್ಪಿದಂತೆಯೇ. ಅವಳು ಚೀಟಿಯ ಮೇಲೆ ಬೆರಳಿಟ್ಟು ನಿಂತಿದ್ದಳು. ಆ ಬೆರಳನ್ನು ನೋಡುತ್ತಾ ಸುಮ್ಮನಿರುವುದು ಅವನಿಂದ ಆಗಲಿಲ್ಲ.

"ಆ ಗುರುತು ಹಾಕಿದ್ದು ನಾನು."

"ಏನಂದೆ?"

"ಜೋಡೀಲಿ ಯಾರು ಚೀಟಿ ಹಾಕಿದ್ರೂ ಹಿರಿಯನ ನಂಬರೇ ಒತ್ತೋದು. ಸರಿಯಾದ ವಾಲ್ವ್ ಪೋರ್ಟ್‌ಲೆಂಡಿಂದ ಮಾರನೇ ದಿನ ಬರೋದಿತ್ತು. ಮಷಿನ್ ನಿಂತಿತ್ತು, ಮೇಸ್ತ್ರಿ ತಲೆ ಮೇಲೆ ಕೂತಿದ್ದ. ಸ್ಟೀಮ್ ಅಂದಿದ್ರೆ ನೀನು ಆ ವಾಲ್ವ್ ಕೊಡ್ತಿರ್ಲಿಲ್ಲ. ಒಂದು ದಿನ ತಾನೇ, ತಡ್ಕೊಳ್ಳುತ್ತೆ ಅಂತ ನೀರಿಗೆ ಗುರುತು ಹಾಕ್ದೆ. ಕೂಡಿಸಿದ್ದೂ ನಾನೇ. ಅವನಿಗೆ ಹೇಳ್ಲಿಲ್ಲ."

"ಅವನು ನೋಡ್ಲಿಲ್ವಾ?"

"ಬಿಸಿ ಆರದ ಹಾಗೆ ಮೇಲೆ ಬಟ್ಟೆ ಸುತ್ತಿಬಿಟ್ಟಿದ್ದೆ, ಅಂಕಿ ಕಾಣ್ತಿರ್ಲಿಲ್ಲ. ನಾನು ಕೂಡಿಸಿದ್ದು ಅಂತ ನಂಬಿ ಸ್ಟೀಮ್ ಬಿಡೋಕೆ ತಿರುಗಿಸಿದ. ಆಗಲೂ ನಿನ್ನ ವಿಚಾರಾನೇ ಮಾತಾಡ್ತಿದ್ದ. 'ಬೆಳಿಗ್ಗೆ ಜಾಸ್ತಿ ಆಡ್ಬಿಟ್ಟೆ ಕಣೋ, ಸಂಜೆ ಕೇಕ್ ತಗೊಂಡು ಹೋಗ್ಬೇಕು, ಯಾವುದು ತಗೊಳ್ಳಿ' ಅಂತ ಕೇಳ್ದ."

ಅವಳು ಬೈಯಲಿಲ್ಲ, ಹೊಡೆಯಲಿಲ್ಲ. ನಿಧಾನವಾಗಿ ಸ್ಟೂಲಿನ ಮೇಲೆ ಕೂತಳು.

"ನೀನು ಯಾವುದು ಅಂದೆ?"

"ಮೇಪಲ್ ಪಾಕದ್ದು."

"ಹೂಂ," ಅಂದಳು ಓದೀಲ್. "ನನಗೆ ಮೇಪಲ್ ಇಷ್ಟ."

ಗೋಡೆಯೊಳಗೆ ಹಬೆ ಹರಿದು ಪೈಪುಗಳು ಕಟಕಟ ಅಂದವು. ಆಮೇಲೆ ಅವಳು ಚೀಟಿಯನ್ನು ಅವನ ಕಡೆ ತಳ್ಳಿದಳು.

"ಮೇಲೆ ಆಫೀಸಿಗೆ ಹೋಗಿ ಇದನ್ನೇ ಹೇಳು. ಅವನ ನಂಬರಿನ ಮೇಲಿಂದ ಈ ತಪ್ಪು ತೆಗೆಸು."

"ಹೇಳ್ತೀನಿ. ಕೆಲಸ ಹೋದ್ರೂ ಸರಿ. ಆಮೇಲೆ?"

"ಆಮೇಲೆ ನಾನು ಅಳ್ಬೇಕು. ಆರು ವರ್ಷ ಅವನ ಮೇಲೆ ಬರೀ ಸಿಟ್ಟು ಮಾಡ್ಕೊಂಡೇ ಇದ್ದೆ. ಒಂದು ಹನಿ ಕಣ್ಣೀರು ಹಾಕಿಲ್ಲ ಅವನಿಗೆ. ಎಷ್ಟು ದಿನ ಅಂತ ಕೇಳ್ಬೇಡ."

"ಕಾಯ್ಲಾ?"

ಅವಳು ಅವನನ್ನು ನೋಡಿದಳು. ಆ ಕಣ್ಣುಗಳಲ್ಲಿ ಪ್ರೀತಿಯೂ ಇತ್ತು, ಆ ಪ್ರೀತಿಗಾಗಿ ತನ್ನನ್ನು ತಾನೇ ಕ್ಷಮಿಸಲಾರದ ನೋವೂ ಇತ್ತು.

"ಕಾಯಿ ಅನ್ನೋಕೂ ಆಗ್ತಿಲ್ಲ, ಬೇಡ ಅನ್ನೋಕೂ ಆಗ್ತಿಲ್ಲ. ಈಗ ಹೋಗು, ರೊಜೇರ್."

ಅವನು ಚೀಟಿ ಹಿಡಿದು ಕಬ್ಬಿಣದ ಮೆಟ್ಟಿಲು ಹತ್ತಿದ. ಅರ್ಧ ಹತ್ತಿದಾಗ ಕೆಳಗಿನಿಂದ ಅಳು ಕೇಳಿತು. ಓದೀಲ್ ಲೂಸಿಯೆನ್‌ನ ಹೆಸರು ಹಿಡಿದು, ಗಂಡನನ್ನು ಇವತ್ತೇ ಕಳೆದುಕೊಂಡವಳ ಹಾಗೆ ಅಳುತ್ತಿದ್ದಳು. ಓಡಿ ಹೋಗಿ ಆ ತಲೆಯನ್ನು ಎದೆಗೊತ್ತಿಕೊಳ್ಳಬೇಕೆಂದು ರೊಜೇರ್‌ಗೆ ಜೀವ ಬಡಿದುಕೊಂಡಿತು. ಆದರೆ ಆ ಅಳು ಲೂಸಿಯೆನ್‌ಗೆ ಸಲ್ಲಬೇಕಾದದ್ದು. ಅದನ್ನು ಅವನಿಗೇ ಬಿಟ್ಟು ರೊಜೇರ್ ಉಳಿದ ಮೆಟ್ಟಿಲು ಹತ್ತಿ ಆಫೀಸಿನ ಬಾಗಿಲು ತಟ್ಟಿದ.