ರಂಗಣ್ಣನ ಹೆಸರಿನ ಕೆಳಗೆ

ಕುಣಿಗಲ್ ಕೆರೆಯಲ್ಲಿ ಸಿಕ್ಕ ಹೆಣ ಶಿಲ್ಪಾಳದು. ಹಿಂದಿನ ದಿನವಷ್ಟೇ ಅವಳ ಹೊಸ ಮನೆಯ ಗೃಹಪ್ರವೇಶವಾಗಿತ್ತು. ಕುತ್ತಿಗೆಯ ಮೇಲೆ ಬೆರಳಿನ ಗುರುತುಗಳಿದ್ದವು.

ಗಂಡ ಶಿವರಾಜ್ ದಡದಲ್ಲಿ ಕೂತು ಅಳುತ್ತಿದ್ದ. "ಅವ್ರಪ್ಪ ಗುಬ್ಬಿಗೆ ಹೊರಟಾಗ ಜೊತೇಲೇ ಹೋದ್ಲು ಮೇಡಂ. ಆಮೇಲೆ ನಾನು ನೋಡಿಲ್ಲ. ಅವ್ರು ಬಯ್ತಿದ್ದಿದ್ದು ಎಲ್ರೂ ಕೇಳವ್ರೆ."

ಬೈದದ್ದು ನಿಜ. ನೆಂಟರೂ ಅದನ್ನೇ ಹೇಳಿದರು. ಸಬ್ ಇನ್ಸ್‌ಪೆಕ್ಟರ್ ಶ್ರೀವಾಣಿ ಅಪ್ಪ ರಂಗಣ್ಣನನ್ನು ಠಾಣೆಗೆ ಕರೆಸಿದಳು. "ನಾನೊಬ್ನೇ ಹೋದೆ ಕಣವ್ವಾ" ಎಂದಷ್ಟೇ ಹೇಳಿ ಮುದುಕ ಗೋಡೆ ನೋಡುತ್ತ ಕೂತ. ಬೇರೆ ಸಾಕ್ಷಿ ಸಿಗದಿದ್ದರೆ ಮಗಳನ್ನು ಕೊಂದವನೆಂದು ಅವನೇ ಜೈಲಿಗೆ. ಶ್ರೀವಾಣಿ ಗೃಹಪ್ರವೇಶದ ಫೋಟೋ ಹುಡುಕಿಕೊಂಡು ಹೊರಟಳು.

*

ಗೃಹಪ್ರವೇಶದ ಫೋಟೋ ತೆಗೆದವನು ತುಮಕೂರಿನ ಶಿರಾ ಗೇಟ್ ಬಳಿ ಸ್ಟುಡಿಯೋ ಇಟ್ಟಿದ್ದ ಗುರುಪ್ರಸಾದ್. ಕಂಪ್ಯೂಟರ್ ತೆರೆದ. ಪರದೆಯ ಎಡಕ್ಕೆ ಮನೆಗೊಂದು ಫೋಲ್ಡರ್, ಯಜಮಾನರ ಹೆಸರಲ್ಲಿ. ಪಕ್ಕದ ಪ್ಲಸ್ ಗುರುತು ಒತ್ತಿದರೆ ಕೆಳಗೆ ಮಕ್ಕಳು, ಮಕ್ಕಳ ಕೆಳಗೆ ಸಮಾರಂಭಗಳು. ಶಿವರಾಜನ ಹೆಸರೇ ಇರಲಿಲ್ಲ.

"ಇತ್ತಲ್ಲ ಮೇಡಂ! ಶ್ರದ್ಧಾಂಜಲಿ ಫ್ಲೆಕ್ಸ್‌ಗೆ ಫೋಟೋ ಬೇಕು ಅಂತ ಶಿವರಾಜ್ ಬಂದಿದ್ರು. ನಾನೇ ಆರಿಸ್ಕೋತೀನಿ ಅಂದ್ರು. ಟೀ ಹೇಳೋಕೆ ಹೋದೆ."

ಮೇಲಿನ ಫೋಲ್ಡರ್ ಅಳಿಸಿದರೆ ಒಳಗಿರುವುದೆಲ್ಲ ಅದರ ಜೊತೆಗೇ ಹೋಗುತ್ತದೆ. ರಿಸೈಕಲ್ ಬಿನ್ನೂ ಖಾಲಿ. ಖದೀಮ ಗುಡಿಸಿ ಸಾರಿಸಿ ಹೋಗಿದ್ದ.

"ತವರಿನವರ ಫೋಟೋನೂ ಹೋಯ್ತಾ?"

ಗುರುಪ್ರಸಾದ್ ತಲೆ ಎತ್ತಿದ. "ಇಲ್ಲ. ಮದುವೆ ಆಲ್ಬಂ ಮಾಡ್ಸಿದ್ದು ಶಿಲ್ಪಾ ಅವ್ರಪ್ಪ ಅಲ್ವಾ? ತವರಿನವರು ಇರೋ ಫೋಟೋನೆಲ್ಲ ಅವ್ರ ಫೋಲ್ಡರ್‌ಗೂ ಒಂದು ಕಾಪಿ ಹಾಕಿರ್ತೀನಿ. ಹೆಣ್ಮಕ್ಕಳದೆಲ್ಲ ಹಂಗೇ."

'ರಂಗಣ್ಣ, ಗುಬ್ಬಿ.' ಶ್ರೀವಾಣಿ ಪ್ಲಸ್ ಒತ್ತಿದಳು. 'ಶಿಲ್ಪಾ.' ಇನ್ನೊಂದು ಪ್ಲಸ್. 'ಗೃಹಪ್ರವೇಶ.'

ಕೊನೆಯ ಫೋಟೋದಲ್ಲಿ ರಂಗಣ್ಣ ಒಬ್ಬನೇ ಆಟೋದಲ್ಲಿ ಕೂತಿದ್ದ, ಗೇಟಿಗೆ ಬೆನ್ನು ಹಾಕಿ. ಅವನ ಹಿಂದೆ ಶಿವರಾಜ್ ಶಿಲ್ಪಾಳ ರಟ್ಟೆ ಹಿಡಿದು ಕಾರಿನೊಳಗೆ ನೂಕುತ್ತಿದ್ದ, ಕಣ್ಣು ನೇರ ಕ್ಯಾಮೆರಾ ಕಡೆ.

*

ಶ್ರೀವಾಣಿ ಶಿವರಾಜನ ಮುಂದೆ ಫೋಟೋ ಇಟ್ಟಳು. "ಅಪ್ಪನ ಜೊತೆ ಹೋದ್ಲು ಅಂದೆ. ಅವರು ಒಬ್ರೇ ಹೋದ್ರು. ಅವಳು ಹತ್ತಿದ್ದು ನಿನ್ನ ಕಾರು. ನೀನು ಕ್ಯಾಮೆರಾ ನೋಡಿದ್ದೆ, ಅದಕ್ಕೇ ನಿನ್ನ ಹೆಸರಿನ ಕೆಳಗಿದ್ದಿದ್ದೆಲ್ಲ ಅಳಿಸ್ದೆ."

"ಮದುವೆ ಆದ್ಮೇಲೆ ಅವ್ಳು ನನ್ನ ಹೆಸ್ರಲ್ಲೇ ತಾನೇ ಇರ್ಬೇಕು?" ಅಂದ ಶಿವರಾಜ್. ಆಮೇಲೆ ಒಪ್ಪಿಕೊಂಡ. ಹೊಡೆತ ತಾಳಲಾರೆ, ತವರಿಗೆ ಹೋಗುತ್ತೇನೆ ಅಂದಳಂತೆ. ನೆಂಟರ ಮುಂದೆ ಮಾನ ಹೋಗುತ್ತದೆಂದು ಕತ್ತು ಹಿಸುಕಿದನಂತೆ. ಥೂ, ಇವನ ಮಾನಕ್ಕಿಷ್ಟು.

ಇನ್ನು ಊರಿಗೆ ಹೋಗಬಹುದು ಎಂದು ಶ್ರೀವಾಣಿ ರಂಗಣ್ಣನಿಗೆ ಹೇಳಿದಳು. ಅವನು ಏಳಲಿಲ್ಲ.

"ಕರ್ಕೊಂಡೋಗಪ್ಪ ಅಂತ ಕಾಲು ಹಿಡ್ಕೊಂಡ್ಳು ಕಣವ್ವಾ. ಇದೇ ನಿನ್ನ ಮನೆ, ಒಳೀಕೆ ನಡಿ ಅಂತ ಬೈದು ಬುಟ್ಟು ಬಂದೆ. ನನ್ನೂ ಒಳಗೆ ಹಾಕ್ಬುಡಿ."