ಬಿಚ್ಚಬಾರದಿದ್ದ ಕೆಂಪು ಬಟ್ಟೆ

ಅಪ್ಪನ ಸೈಕಲ್ ರಿಪೇರಿ ಅಂಗಡಿಯಲ್ಲಿ ಅವಳು ಜೇಬಿನಿಂದ ಸ್ಪ್ಯಾನರ್ ತೆಗೆಯಹೋದರೆ ಕೈಗೆ ಸಿಕ್ಕಿದ್ದು ಕೆಂಪು ಬಟ್ಟೆಯ ತುಂಡು. ಅವಳ ಎದೆ ಧಸಕ್ಕೆಂದಿತು.

ಅಪ್ಪ ಕಲಿಸಿದ ನೇಮ ಅದು. ಹೊಸ ಬ್ರೇಕ್ ಪ್ಯಾಡ್ ಹಾಕಿದ ಸೈಕಲ್ಲಿನ ಹ್ಯಾಂಡಲ್ಲಿಗೆ ಕೆಂಪು ಬಟ್ಟೆ ಕಟ್ಟಬೇಕು. ಓಡಿಸಿ, ಹಿಡಿದು, ಮೂವತ್ತು ಸಲ ನಿಲ್ಲಿಸಿ, ಬ್ರೇಕು ಪಳಗಿದ ಮೇಲೆಯೇ ಬಿಚ್ಚಬೇಕು. ಅಲ್ಲಿಯವರೆಗೆ ಅದು ಹಿಡಿದ ಹಾಗೆ ಮಾಡುತ್ತದೆ, ಹಿಡಿಯುವುದಿಲ್ಲ.

ನಿನ್ನೆ ಸಂಜೆ ಗುಡ್ಡದ ಶಾಲೆಯ ಮೇಷ್ಟ್ರು ತಮ್ಮ ಎಲೆಕ್ಟ್ರಿಕ್ ಮೌಂಟನ್ ಬೈಕ್ ಒಯ್ಯಲು ಬಂದಿದ್ದರು.

"ಈ ರಿಬ್ಬನ್ ಸೈಕಲ್ಲಿಗೋ, ನನಗೋ?" ಓರೆಗಣ್ಣಿನಲ್ಲೇ ಕೇಳಿದ್ದರು.

"ಸೈಕಲ್ಲಿಗೇ. ನಿಮಗ್ಯಾಕೆ?" ಎನ್ನುವಷ್ಟರಲ್ಲಿ ಅವಳ ಕಿವಿ ಬಿಸಿಯಾಗಿತ್ತು. ಬಟ್ಟೆ ಬಿಚ್ಚಿ ಜೇಬಿಗೆ ತುರುಕಿ ಬೈಕ್ ಕೊಟ್ಟೇಬಿಟ್ಟಿದ್ದಳು. ಆಮೇಲೂ ಮೈಮೇಲೆ ಎಚ್ಚರವಿರಲಿಲ್ಲ. ಬೀದಿಯಲ್ಲಿ ಯಾವುದೋ ಸೈಕಲ್ಲು ಕಿರ್ರೆನ್ನುತ್ತಲೇ ಇದೆಯೆಂದು ಅಪ್ಪ ಗೊಣಗಿದಾಗಲೂ ತಲೆಯೆತ್ತಿರಲಿಲ್ಲ.

ಈಗ ಮೂರೂವರೆ. ನಾಲ್ಕಕ್ಕೆ ಶಾಲೆ ಬಿಡುತ್ತದೆ. ಬೆಳಿಗ್ಗೆ ಗುಡ್ಡ ಏರಲು ಮೋಟಾರು ಸಾಕು. ಇಳಿಯಲು ಬ್ರೇಕೇ ಬೇಕು. ಮೇಲೆ ಫೋನಿಗೆ ಸಿಗ್ನಲ್ಲೂ ಇಲ್ಲ.

"ಅಪ್ಪಾ, ಮೇಷ್ಟ್ರ ಬ್ರೇಕು ಪಳಗಿಸದೇ ಕೊಟ್ಟುಬಿಟ್ಟೆ!"

"ಅಯ್ಯೋ ನಿನ್ನ! ಆ ಮೂರನೇ ತಿರುವು..." ಆ ತಿರುವಿಗೆ ಗೋಡೆಯಿಲ್ಲ, ಕೆಳಗೆ ಬರೀ ಬಂಡೆ.

ಅಂಗಡಿಯ ಎಲೆಕ್ಟ್ರಿಕ್ ಟ್ರಯಲ್ ಬೈಕ್ ಹತ್ತಿ ಹೊರಟಳು. ಎರಡನೇ ತಿರುವಿನಲ್ಲಿ ಬ್ಯಾಟರಿ ಕೈಕೊಟ್ಟಿತು. ಬೈಕನ್ನು ಅಲ್ಲೇ ಕೆಡವಿ ಓಡಿದಳು. ಅಜ್ಜಿ ಹೇಳಿಕೊಟ್ಟ ಪದ್ಯ ಬಾಯಿಗೆ ಬಂತು. ದೇವರನ್ನು ಕರೆಯುವ ಮೊದಲ ಸಾಲೇ ಮತ್ತೆ ಮತ್ತೆ ಬಂತು, ಎರಡನೆಯದು ಬರಲೇ ಇಲ್ಲ.

ಮೂರನೇ ತಿರುವಿನ ಮೇಲಿಂದ ಜಲ್ಲಿಕಲ್ಲಿನ ಮೇಲೆ ಚಕ್ರ ಉರುಳುವ ಸದ್ದು. ಹತ್ತಿರ. ಇನ್ನೂ ಹತ್ತಿರ.

"ಬ್ರೇಕ್ ನಂಬಬೇಡಿ! ಗುಡ್ಡದ ಕಡೆಗೆ ಬೀಳ್ರೀ!"

ಎರಡೂ ಕೈ ಚಾಚಿ ದಾರಿಗಡ್ಡ ನಿಂತು ಕಣ್ಣು ಮುಚ್ಚಿದಳು.

ಕಿರ್ರ್!

ಕಣ್ಣು ಬಿಟ್ಟರೆ, ಮುಂದಿನ ಚಕ್ರ ಅವಳ ಮೊಣಕಾಲಿಗೆ ಗೇಣು ದೂರದಲ್ಲಿ ನಿಂತಿತ್ತು. ಮೇಷ್ಟ್ರ ಮುಖ ಬಿಳಿಚಿಕೊಂಡಿತ್ತು.

"ಏನ್ರೀ ಇದು! ಜೀವ ಬಾಯಿಗೆ ಬಂತಲ್ರೀ!"

"ನನ್ನದು ಗುಡ್ಡದ ಬುಡದಲ್ಲೇ ಬಾಯಿಗೆ ಬಂದಿತ್ತು," ಅವಳು ಬಿಕ್ಕಿದಳು. "ಪಳಗಿಸದ ಬ್ರೇಕದು. ಹಿಡಿಯೋ ಹಾಗೇ ಇಲ್ಲ. ಹೇಗೆ ಹಿಡೀತು?"

ಮೇಷ್ಟ್ರು ಕತ್ತು ಕೆರೆದುಕೊಂಡರು. "ನಿನ್ನೆ... ಬೈಕ್ ತಗೊಂಡು ಹೋದಮೇಲೆ, ನಿಮಗೊಂದು ಮಾತು ಹೇಳೋಣ ಅಂತ ನಿಮ್ಮ ಅಂಗಡಿ ಮುಂದೆ ಬಂದು ನಿಲ್ಲಿಸ್ತಿದ್ದೆ. ಒಳಗಿಂದ ನಿಮ್ಮಪ್ಪ ಕೆಮ್ಮೋರು, ನಾನು ಬೀದಿ ಕೊನೆಗೆ ಓಡೋನು. ಮತ್ತೆ ಬರೋನು."

"ಎಷ್ಟು ಸಲ?"

"ನಲವತ್ತಾದರೂ ಆಗಿರಬೇಕು. ಈ ಗುಡ್ಡಕ್ಕೆ ಹೆದರದೋನು ನಿಮ್ಮ ಹೊಸ್ತಿಲಿಗೆ ಹೆದರಿಬಿಟ್ಟೆ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಆದರೂ ಮೆಕ್ಯಾನಿಕ್ ಅಲ್ಲವೇ, ಬ್ರೇಕ್ ಲಿವರಿನ ಮೇಲಿದ್ದ ಅವರ ಕೈಮೇಲೆ ಕೈಯಿಟ್ಟು ಹಿಡಿದು ನೋಡಿದಳು. ಬ್ರೇಕು ಗಟ್ಟಿಯಾಗಿತ್ತು. ಕೈಯನ್ನು ಮಾತ್ರ ಹಿಂದೆ ತೆಗೆಯಲಿಲ್ಲ.

"ಇಲ್ಲಿ ಕೆಮ್ಮೋರು ಯಾರೂ ಇಲ್ಲ," ಎಂದಳು ಮೆಲ್ಲಗೆ. "ಹೇಳಿ."

ಮೇಷ್ಟ್ರು ಕಣಿವೆ ನೋಡಿದರು, ಚಕ್ರ ನೋಡಿದರು, ಕೊನೆಗೆ ಅವಳನ್ನು ನೋಡಿದರು. ಹೇಳಿದರು.

ಅವಳು ಇನ್ನೊಂದು ಕೈಯ ಮುಷ್ಟಿ ಬಿಡಿಸಿದಳು. ಅಷ್ಟು ಹೊತ್ತೂ ಅಲ್ಲೇ ಮುದ್ದೆಯಾಗಿ, ಬೆವರಿಗೆ ಒದ್ದೆಯಾಗಿದ್ದ ಕೆಂಪು ಬಟ್ಟೆಯನ್ನು ಅವರ ಅಂಗೈಲಿಟ್ಟಳು.

"ರಿಬ್ಬನ್ ನಿಮಗೇ."